ತುಲಾಭಾರದ ಬೆಲ್ಲ

ಇವಳಿಗೆ ನಾಚಿಕೆಯೇ ಆಗುವುದಿಲ್ಲವೇ, ಅಥವಾ ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲವೇ? ಮಠದ ದೊಡ್ಡ ತಕ್ಕಡಿಯಲ್ಲಿ ಕಾಲು ಮಡಚಿ ಕೂತಿದ್ದ ಹೆಂಡತಿ ಸುಹಾಸಿನಿಯನ್ನು ಪ್ರಹ್ಲಾದ ನೋಡುತ್ತ ನಿಂತ. ಗಂಡಹೆಂಡತಿ ಇಬ್ಬರಿಗೂ ಬೆಲ್ಲದ ತುಲಾಭಾರ ಮಾಡಿಸುವುದಾಗಿ ಅವನ ತಾಯಿ ಗೋದಾಬಾಯಿ ಹರಕೆ ಹೊತ್ತಿದ್ದಳು. ಮೊದಲು ಅವನೇ ಕೂತು ಇಳಿದಿದ್ದ. ವರ್ಷವಿಡೀ ಅನ್ನ, ಸಿಹಿ ಬಿಟ್ಟು, ಬೆಳಗಾದರೆ ಇಂದಿರಾ ಪಾರ್ಕ್ ಸುತ್ತಿ ಕರಗಿಸಿದ ಮೈ. ಪೆಂಟಿ ಎನ್ನುವ ಬೆಲ್ಲದ ದೊಡ್ಡ ಉಂಡೆ ಕೆಲವೇ ಇಟ್ಟರೂ ತಕ್ಕಡಿ ಸಮನಾಯಿತು. ಯಾರೂ ಏನೂ ಅನ್ನಲಿಲ್ಲ.

ಸುಹಾಸಿನಿಯ ತಟ್ಟೆ ಮಾತ್ರ ನೆಲ ಬಿಟ್ಟು ಏಳಲಿಲ್ಲ. "ಸುಹಾಸಿನಿಬಾಯಿ, ಬೆಲ್ಲ ಸಾಲವಲ್ತು. ಬೇಗಂ ಬಜಾರಕ್ಕ ಆಟೋ ಕಳಸಬೇಕೇನೋ," ಎಂದರು ಆಚಾರ್ಯರು. ಸುತ್ತಲಿದ್ದವರು ನಕ್ಕರು. ಪ್ರಹ್ಲಾದನ ಕಿವಿ ಬಿಸಿಯಾದವು. ಅವಳು ಸರಪಳಿ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು.

"ಕಳಸ್ರಿ ಆಚಾರ್ರ. ನಮ್ಮನಿಯವರ ಬೆಲ್ಲ ಮುಂದ ಕೂತವರಿಗೇ ಮುಗೀತದ. ಹಿಂದಿನವರಿಗೂ ಪ್ರಸಾದ ಬ್ಯಾಡೇನು?"

ಒಳಗಿನಿಂದ ಇನ್ನಷ್ಟು ಪೆಂಟಿ ಬಂದವು. ತಟ್ಟೆ ನಿಧಾನವಾಗಿ ನೆಲ ಬಿಟ್ಟಿತು. ಸುಹಾಸಿನಿ ಕಣ್ಣು ಮುಚ್ಚಿ, ಜೋಕಾಲಿಯಲ್ಲಿ ಕೂತವಳ ಹಾಗೆ ತೂಗಾಡಿದಳು. ಆಚೆಯ ತಟ್ಟೆಯಲ್ಲಿ ಎಷ್ಟು ಬೆಲ್ಲ ಬಿತ್ತೆಂದು ಒಮ್ಮೆಯೂ ತಿರುಗಿ ನೋಡಲಿಲ್ಲ. ತಾನು ಕೂತಾಗ ಪ್ರಹ್ಲಾದ ಆ ತಟ್ಟೆಯ ಮೇಲಿಂದ ಕಣ್ಣನ್ನೇ ಕಿತ್ತಿರಲಿಲ್ಲ.

ಇಳಿದು ಬಂದವಳು ಬೆಲ್ಲದ ಚೂರೊಂದನ್ನು ಅವನ ಅಂಗೈಯಲ್ಲಿಟ್ಟಳು. "ತಗೋರಿ. ಮಾರಿ ಯಾಕ ಹಿಂಗ ಮಾಡೀರಿ?"

"ಹಸಿವ್ಯಾಗ್ಯದ," ಎಂದು ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ತಕ್ಕಡಿಯಲ್ಲಿ ಅವಳ ನಿಶ್ಚಿಂತೆ ಕಂಡು ಹೊಟ್ಟೆಕಿಚ್ಚಾಗಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.