ಬಂಡೆ ಕೇಳಿಸ್ಕೊಂಡ ಮಾತು

ಬೋರ್ ಕೊರೆಸಿ ನೀರು ಚಿಮ್ಮಿದಾಗ ಒಳಗಿನ ಬಂಡೆಗೆ ಮೊದ್ಲು ಯಾರ ಯಾವ ಮಾತು ಕೇಳ್ಸುತ್ತೋ, ಆಮೇಲೆ ದಿನಾ ಅವ್ರೇ ಬಂದು ಅದನ್ನೇ ಹೇಳಿದ್ರೆ ಮಾತ್ರ ನೀರು. ಎಲ್ಲರ ಮನೇಲೂ ಹಿಂಗೇನೆ. ನಮ್ಮ ಹಳೇ ಬೋರಿಗೆ ದೊಡ್ಡಪ್ಪ "ಬಾ ತಾಯಿ ಗಂಗಮ್ಮ" ಅಂದಿದ್ರು. ಅದಕ್ಕೇ ಅಮ್ಮ ದಿನಾ ಬೆಳಿಗ್ಗೆ ಹೋಗಿ ಅವ್ರ ಗೇಟ್ ಹತ್ರ ನಿಲ್ಲೋಳು. ಅವ್ರು ಪೇಪರ್ ಪೂರ್ತಿ ಓದಿ ಮುಗಿಸಿ ಬರೋರು. ಸಿಟ್ಟು ಬಂದ್ರೆ ಬರ್ತಾನೇ ಇರ್ಲಿಲ್ಲ.

ಆ ಬೋರ್ ಬತ್ತಿಹೋಯ್ತು. ಹೋದ ವಾರ ಹೊಸದು ಕೊರೆಸಿದ್ವಿ. ಕಲ್ಲಿನ ಪುಡಿ ಕೆಸರಾಗ್ತಿದ್ದಂಗೆ ಬೋರ್ ಲಾರಿಯವ್ರು ತಮ್ಮ ಮಾತು ಬಂಡೆಗೆ ಕೇಳ್ಸಬಾರ್ದು ಅಂತ ಬಾಯಿಗೆ ಟವೆಲ್ ಕಟ್ಕೊಂಡ್ರು. ದೊಡ್ಡಪ್ಪ ಇಸ್ತ್ರಿ ಪಂಚೇಲಿ ಹಾಜರ್.

"ಈ ಸಲ ನಾನ್ ಹೇಳ್ತೀನಿ ಭಾವ," ಅಂದ್ಳು ಅಮ್ಮ.

"ಹೆಂಗಸ್ರ ಮಾತಿಗೆ ಬಂಡೆ ಕರಗುತ್ತಾ ವಿಮಲಾ? ಒಳಗೆ ಹೋಗಿ ಕಾಫಿ ಇಡು," ಅಂತ ಗಂಟಲು ಸರಿ ಮಾಡ್ಕೊಂಡ್ರು.

ಅಷ್ಟರಲ್ಲಿ ನೀರು ಎದ್ದೇಬಿಡ್ತು. ಅಮ್ಮ ಅವ್ರನ್ನ ತಳ್ಳಿ ಕಿರುಚಿದ್ಳು, "ಥೂ, ಸರೀರಿ ಆಚೆ! ನಿಮ್ಮ ಮುಖ ನೋಡಿ ನೋಡಿ ಸಾಕಾಗಿದೆ."

ಬಂಡೆ ಕೇಳಿಸ್ಕೊಂಡ್ಬಿಡ್ತು.

ಈಗ ದಿನಾ ಬೆಳಿಗ್ಗೆ ಅಮ್ಮ ಬೋರ್ ಹತ್ರ ನಿಂತು, ಪಕ್ಕದ ಬೀದಿಗೂ ಕೇಳ್ಸೋ ಹಂಗೆ ಅದನ್ನೇ ಹೇಳ್ತಾಳೆ. ಡ್ರಮ್ ತುಂಬಿದ್ಮೇಲೂ ಇನ್ನೊಂದ್ಸಲ ಹೇಳ್ತಾಳೆ.