ಸ್ಕೇಲು ಇಟ್ಟು ಎಳೆದ ಗೆರೆ

ಓದಲು ಎರಡೇ ನಿಮಿಷ ಸಾಕು... ಆದರೆ ಮನೆಯಿಂದ ಯಾರನ್ನಾದರೂ ಕಳಿಸುವ ಮುಂಚೆ ಓದಿ.

ಗದಗದ ಹತ್ತಿರದ ಒಂದು ಕಾಲೇಜು. ಅಲ್ಲಿನ ಕಳಸದ ಸರ್ ಬಿ.ಎಸ್ಸಿ. ಓದಿ, ಆಮೇಲೆ ಕನ್ನಡ ಎಂ.ಎ. ಮಾಡಿದವರು.

ಕವಿತೆ ಇರಲಿ, ನಾಟಕ ಇರಲಿ... ಮೊದಲು ಬೋರ್ಡಿನ ನಡುವೆ ಸ್ಕೇಲು ಇಟ್ಟು ಗೆರೆ ಎಳೆದು ಎರಡು ಕಾಲಮ್ಮು ಮಾಡಲೇಬೇಕು!

ಆ ವಾರ ಒಂದು ಹಳೆಯ ದುರಂತ ನಾಟಕದ ಪಾಠ. ಮಗ ಯುದ್ಧದಿಂದ ಮರಳುವುದಿಲ್ಲ ಎಂದು ತಿಳಿದೂ ರಾಣಿ ಅವನನ್ನು ಕಳಿಸಿಕೊಡುವ ದೃಶ್ಯ.

"ಒಂದಕ್ಕೊಂದು ಎದುರಾಗಿ ನಿಂತ ಮಾತು ಹುಡುಕ್ರಿ. ಒಂದು ಎಡಕ್ಕ, ಒಂದು ಬಲಕ್ಕ. ಅವು ಅಲ್ಲಿ ಯಾಕ ಬಂದಾವು, ಅದನ್ನೂ ಬರೀರಿ. ಹತ್ತು ಇಂಟರ್ನಲ್ ಮಾರ್ಕ್ಸ್."

ನಲವತ್ತೊಂದು ಪತ್ರಿಕೆ ಬಂದವು. ನಲವತ್ತರಲ್ಲಿ ಕಾರಣಕ್ಕೆ ಒಂದೇ ಸಾಲು... "ಇದರಿಂದ ನಾಟಕದ ಸೊಗಬು ಹೆಚ್ಚಿದೆ."

ಗೈಡಿನ ಸಾಲು! ಅಲ್ಲಿದ್ದ 'ಸೊಗಬು' ಎಂಬ ಅಚ್ಚಿನ ತಪ್ಪು ಸಮೇತ!

ಮೂರು ದಿನ ಗಂಟಲು ಹರಿದುಕೊಂಡಿದ್ದು ಇದಕ್ಕೇನಾ?

ನಲವತ್ತೊಂದನೆಯದು ಶಿವಲೀಲಾಳದು. ನಡುವಿನ ಗೆರೆ ದಾಟಿಸಿ, ಎರಡೂ ಕಾಲಮ್ಮಿಗೆ ಸೇರಿಸಿ ರಾಣಿಯ ಒಂದೇ ಮಾತು ಬರೆದಿದ್ದಳು... "ಹೋಗಿ ಬಾ."

ಸರ್ ಸಿಟ್ಟಿನಿಂದ ಸೊನ್ನೆ ಹಾಕಿದರು. ಮರುದಿನ ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿದರು.

"ಗೆರಿ ಕಾಣಂಗಿಲ್ಲೇನವಾ? 'ಹೋಗು' ಎಡಕ್ಕ, 'ಬಾ' ಬಲಕ್ಕ. ಇಷ್ಟೂ ಬರಂಗಿಲ್ಲ?"

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. "ಆಕಿಗೆ ಚಸ್ಮಾ ಕೊಡಸ್ರಿ ಸರ್!"

ಎಲ್ಲರೂ ನಕ್ಕರು.

"ಈ ಮಾರ್ಕ್ಸ್ ಹೋದ್ರ ನಾ ಫೇಲ್ ಆಗ್ತೀನ್ರಿ ಸರ್..." ಎಂದಳು ಶಿವಲೀಲಾ. "ಆದ್ರೂ ಅವನ್ನ ಬ್ಯಾರೆ ಮಾಡಾಕ ಆಗಲಿಲ್ರಿ."

"ಯಾಕ?"

"ನಮ್ಮಪ್ಪ ಲಾರಿ ಓಡಸ್ತಿದ್ದರ್ರಿ. ಹೊರಡೋ ಮುಂದ ದಿನಾ 'ಹೋಗಿ ಬಾಪ್ಪಾ' ಅಂತಿದ್ದೆ. ಒಂದಿನ ಸಿಟ್ಟಿನಾಗ... ಬರೇ 'ಹೋಗು' ಅಂದೆ."

"ಆಮ್ಯಾಲೆ?"

"ಬರಲಿಲ್ರಿ."

ಶಿವಲೀಲಾ ಬೋರ್ಡಿನ ಗೆರೆಯ ಕಡೆ ನೋಡಿದಳು.

"ಮಗ ಬರಂಗಿಲ್ಲ ಅಂತ ರಾಣಿಗೆ ಗೊತ್ತೈತಿ ಸರ್. ಆದ್ರೂ 'ಬಾ' ಅಂತಾಳ. ಅದನ್ನ ಬಿಟ್ಟು ಆಕಿ ಹೆಂಗ ಕಳಸ್ತಾಳ್ರಿ?"

ಸರ್ ಸ್ಕೇಲನ್ನು ಮೇಜಿನ ಮೇಲಿಟ್ಟರು. ಬೋರ್ಡಿನ ನಡುಗೆರೆಯನ್ನು ಅಂಗೈಯಿಂದಲೇ ಒರೆಸಿದರು.

ಅದೇ ಕೈಯಿಂದ ಕಣ್ಣನ್ನೂ ಒರೆಸಿಕೊಂಡರು... ಕೆನ್ನೆಗೆಲ್ಲ ಸೀಮೆಸುಣ್ಣ. ಯಾರೂ ನಗಲಿಲ್ಲ.

ಅವಳ ಸೊನ್ನೆಯ ಎಡಕ್ಕೆ ಒಂದು ಎಂದು ಬರೆದರು. ಹತ್ತಕ್ಕೆ ಹತ್ತು.

ಉಳಿದ ನಲವತ್ತು ಪತ್ರಿಕೆ ವಾಪಸ್ ಕೊಟ್ಟರು. "ಗೈಡು ಮುಚ್ಚಿ ಮತ್ತ ಬರೀರಿ. ಈ ಸಲ ನಾನೂ ಗೆರಿ ಎಳಿಯಂಗಿಲ್ಲ."

*ಮಾತಿಗೆ ಗೆರೆ ಎಳೆಯುವ ಮುಂಚೆ, ಅದನ್ನು ಆಡಿದವರ ಎದೆಯಲ್ಲಿ ಏನಿತ್ತು ಎಂದು ಕೇಳಿ.*

ಇವತ್ತು ಬೆಳಿಗ್ಗೆ ಮನೆಯಿಂದ ಹೊರಟವರನ್ನು... ನೀವು ಏನೆಂದು ಹೇಳಿ ಕಳಿಸಿದಿರಿ?