ಮುಂಜಾನೆ ಒಗೆದ ಟವೆಲ್ಲು

ಹಳದಿ ಬಾರ್ ಸೋಪಿನ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸಂಗೊಳ್ಳಿಯಲ್ಲಿ ನನ್ನ ಅಜ್ಜಿ ಪ್ರತಿ ಭಾನುವಾರ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ನಡೆದು, ಮಲಪ್ರಭೆಯ ದಂಡೆಗೆ ಇಳಿದು, ಹೊಲಗಳನ್ನು ಸುತ್ತಿ ಮನೆಗೆ ಬರುತ್ತಿದ್ದಳು.

"ಸಣ್ಣ ಸುತ್ತೈತಿ, ತಾಸಿನಾಗ ಬರೂಣು," ಎನ್ನುತ್ತಿದ್ದಳು. ತಾಸಿನಲ್ಲಿ ಒಂದು ಸಲವೂ ಬರಲಿಲ್ಲ. ಮುಂಜಾನೆಯೇ ಮನೆಯಲ್ಲಿ ಒಗೆದಿದ್ದ ಟವೆಲ್ಲಿಗೆ ಹೊಳೆಯಲ್ಲಿ ಮತ್ತೆ ಸೋಪು ಹಚ್ಚಿ, ಕಲ್ಲಿಗೆ ಮೂರು ಸಲ ಬಡಿಯುತ್ತಿದ್ದಳು. ಆಚೆ ದಂಡೆಯ ಜಾಲಿ ಗಿಡಗಳ ಮರೆಯಿಂದ ಮೂರು ಸಲ ಬಡಿದ ಸದ್ದು ಬಂದ ಮೇಲೆಯೇ ಏಳುತ್ತಿದ್ದಳು. ಆ ದಂಡೆಯದು ಅವಳ ತಂಗಿಯ ಊರು. ಹೊಲದ ಬದುವಿಗಾಗಿ ಗಂಡಸರು ಜಗಳಾಡಿದ ಮೇಲೆ ಎರಡೂ ಮನೆಗಳ ನಡುವೆ ಮಾತಿರಲಿಲ್ಲ.

ಆ ಭಾನುವಾರ ಆಚೆಯಿಂದ ಸದ್ದೇ ಇಲ್ಲ. ಅಜ್ಜಿ ಬಡಿದಳು, ಕಾದಳು, ಮತ್ತೆ ಸೋಪು ಹಚ್ಚಿದಳು. ನಾಲ್ಕಕ್ಕೆ ಟೀವಿಯಲ್ಲಿ ಸಿನಿಮಾ ಇತ್ತು.

"ಸ್ವಚ್ಛ ಆಗೇತಿ ಬಿಡಬೇ, ನಡಿ," ಎಂದೆ.

"ಆಕಿಗೆ ಭಾಳ ಜ್ವರ ಅಂತ ಸಂತ್ಯಾಗ ಯಾರೋ ಅಂದ್ರು," ಎಂದಳು, ನನ್ನ ಕಡೆ ನೋಡದೆ. "ನನ್ನ ರಟ್ಟ್ಯಾಗ ಕಸುವಿಲ್ಲ. ನೀ ಬಡಿ."

ಆ ಟವೆಲ್ಲಿನ ಮೇಲಿದ್ದ ಸಿಟ್ಟನ್ನೆಲ್ಲ ಹಾಕಿ ಬಡಿದೆ. ನೊರೆ ಕಣ್ಣಿಗೆ ಸಿಡಿಯಿತು. ಬಹಳ ಹೊತ್ತಿನ ಮೇಲೆ ಆಚೆಯಿಂದ ಒಂದು ಸದ್ದು ಬಂತು. ಆಮೇಲೆ ಮತ್ತೊಂದು. ಮೂರನೆಯದು ಬರುವಷ್ಟರಲ್ಲಿ ಸಿನಿಮಾ ಅರ್ಧ ಮುಗಿದಿರಬೇಕು.

ಅಜ್ಜಿ ಟವೆಲ್ಲು ಹಿಂಡಿ ಹೆಗಲಿಗೆ ಹಾಕಿಕೊಂಡಳು.

"ಅದಾಳ. ನಡಿ ಇನ್ನ."